ಮನೆಮನೆಯಲ್ಲಿ ಹೊಲಿದ ಸ್ಕ್ರಬ್ಸ್
ಬ್ರಿಟನ್, 2020

ಕೋವಿಡ್ ಹಬ್ಬಿದಾಗ, ಅದುವರೆಗೆ ತಮ್ಮದೇ ಉಡುಪಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರಿಗೂ ಸ್ಕ್ರಬ್ಸ್ (ಆಸ್ಪತ್ರೆ ಸಿಬ್ಬಂದಿ ತೊಡುವ ಸಡಿಲ ಅಂಗಿ-ಪ್ಯಾಂಟು) ಬೇಕಾದವು. ದಾಸ್ತಾನು ಸಾಲಲಿಲ್ಲ. ನರ್ಸೊಬ್ಬರು ಆರಂಭಿಸಿದ ‘ಫಾರ್ ದ ಲವ್ ಆಫ್ ಸ್ಕ್ರಬ್ಸ್’ ಬಳಗಕ್ಕೆ ಸಾವಿರಾರು ಮಂದಿ ಸೇರಿ, ಮನೆಯ ಹೊಲಿಗೆ ಯಂತ್ರದಲ್ಲೇ ಉಚಿತವಾಗಿ ಹೊಲಿದುಕೊಟ್ಟರು. ಮಾರ್ಚ್ 23ರ ಲಾಕ್‌ಡೌನ್ ಘೋಷಣೆಯ ನಂತರ ಬಟ್ಟೆ ಸಿಗುವುದೂ ಕಷ್ಟವಾಯಿತು. ಹಲವರು ಬೆಡ್‌ಶೀಟು, ರಜಾಯಿ ಕವರುಗಳನ್ನೇ ಕತ್ತರಿಸಿದರು. ಹೂವಿನ, ಕಾರ್ಟೂನಿನ ಅಂಗಿಗಳು ವಾರ್ಡಿಗೆ ಬಂದದ್ದು ಹಾಗೆ.

ಸ್ಕ್ರಬ್ಸ್ ಜೊತೆಗೆ ಅವರು ದಿಂಬಿನ ಕವರಿಗೆ ಲಾಡಿ ಪೋಣಿಸಿ ಮಾಡಿಕೊಟ್ಟ ಚೀಲವಂತೂ ನಿಜಕ್ಕೂ ಜಾಣ ಉಪಾಯ. ಪಾಳಿ ಮುಗಿದ ಮೇಲೆ ಉಡುಪನ್ನು ಅದರೊಳಗೆ ತುಂಬಿ ಮನೆಗೆ ಒಯ್ದು, ಬಾಯಿ ಸಡಿಲಿಸಿ, ಚೀಲಸಮೇತ ವಾಷಿಂಗ್ ಮಷೀನಿಗೆ ಹಾಕಬಹುದಿತ್ತು. ಮನೆಯವರು ಆ ಬಟ್ಟೆ ಮುಟ್ಟಬೇಕಾಗಿರಲಿಲ್ಲ.

ಆದರೆ ಸ್ಕ್ರಬ್ಸ್ ಸೋಂಕು ತಡೆಯುವ ಕವಚವಲ್ಲ. ಅದರ ಮೇಲೆ ಏಪ್ರನ್ ಅಥವಾ ಗೌನು ಬೇಕೇ ಬೇಕಿತ್ತು.