ಹೊಲ ಕಾಯುವ ಕೋವಿ

ಬಿತ್ತುವ ಕೆಲಸ ಎಷ್ಟು ಹಳೆಯದೋ ಬೆಳೆ ಕಾಯುವ ಕೆಲಸವೂ ಅಷ್ಟೇ ಹಳೆಯದು. ನಮ್ಮ ನೂಲ, ಗಡಹಿಂಗ್ಲಜ ಸೀಮೆಯಲ್ಲಿ ಜೋಳವು ಹಾಲುಗಾಳಿಗೆ ಬಂದಾಗ ಹೊಲದ ನಡುವೆ ಅಟ್ಟ ಕಟ್ಟುವುದು, ಕವಣೆ ಬೀಸುವುದು, ಬೆದರುಗೊಂಬೆ ನಿಲ್ಲಿಸುವುದು ಹಿರಿಯರಿಂದ ಬಂದ ರೂಢಿ. ಗಿಳಿ ಗುಬ್ಬಿಗಳಿಗೆ ಇಷ್ಟು ಸಾಕು. ಆದರೆ ಒಂದೇ ರಾತ್ರಿಯಲ್ಲಿ ಶೇಂಗಾದ ಹೊಲವನ್ನು ಉತ್ತಂತೆ ಮಾಡಿ ಹೋಗುವ ಕಾಡುಹಂದಿಗೆ ಇದು ಸಾಲದು. ಆಗ ರೈತನು ಕೋವಿಯನ್ನು ನೆನೆಯುವನು. ಎಂಥ ಕೋವಿ, ಎಂಥ ಗುಂಡು ಎಂಬುದು ಮೇಲುನೋಟಕ್ಕೆ ಅವನ ಸ್ವಂತ ಪ್ರಶ್ನೆ. ಇತಿಹಾಸವನ್ನು ತೆರೆದು ನೋಡಿದರೆ, ಆ ಪ್ರಶ್ನೆಗೆ ರೈತನಿಗಿಂತ ಮೊದಲು ರಾಜ್ಯವೇ ಉತ್ತರ ಹೇಳಿಬಿಟ್ಟಿರುವುದು ಕಾಣುತ್ತದೆ.

ಮೊದಲು ಕೋವಿಯ ಗುಣವನ್ನು ತಿಳಿಯೋಣ. ರೈಫಲ್ಲಿನ ಒಂಟಿ ಗುಂಡು ಮೈಲಿಯಾಚೆಗೂ ಹೋಗಿ ಕೊಲ್ಲಬಲ್ಲದು. ಜನ ದನ ಓಡಾಡುವ ಹೊಲದಲ್ಲಿ ಅದು ಅಪಾಯಕರ. ಆದುದರಿಂದ ಹೊಲಕ್ಕೆ ಒಪ್ಪುವುದು ಒಳಗೆ ನುಣುಪಾದ ನಳಿಗೆಯ ಕೋವಿ. ಅದರಿಂದ ಹೊರಡುವುದು ಚರೆ, ಅಂದರೆ ಸೀಸದ ಸಣ್ಣ ಕಾಳುಗಳು. ಅವು ಹರಡಿಕೊಂಡು ಹೋಗಿ, ನಲವತ್ತು ಗಜದಾಚೆಗೆ ಬೇಗ ಬಲಗುಂದುತ್ತವೆ. ಹಾಗೆಂದು ಅದರಾಚೆಗೆ ನಿಂತವನು ಸುರಕ್ಷಿತನೆಂದು ತಿಳಿಯಬಾರದು. ಕರಗಿದ ಸೀಸವನ್ನು ಎತ್ತರದಿಂದ ನೀರಿಗೆ ಬೀಳಿಸಿ ದುಂಡುಚರೆ ಮಾಡುವ ಉಪಾಯಕ್ಕೆ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸನು 1782ರಲ್ಲಿ ಪೇಟೆಂಟ್ ಪಡೆದನು. ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಜಾಂಡರ್ ಫೋರ್ಸೈತ್. ಚಕಮಕಿಯ ಕಿಡಿ ಕಂಡು ಹಕ್ಕಿಗಳು ಗುಂಡಿಗೆ ಮೊದಲೇ ಹಾರಿಹೋಗುತ್ತಿದ್ದುದೇ ಅವನಿಗೆ ಪ್ರೇರಣೆ! ನಮ್ಮ ಹಳ್ಳಿಗಳ ಕೇಪಿನ ಕೋವಿ ಇದೇ ಬಳ್ಳಿಯ ಕಾಯಿ.

ಕೋವಿಯ ಲೆಕ್ಕವೂ ಸ್ವಾರಸ್ಯವಾದುದು. ನಳಿಗೆಯ ಬಾಯಿಗೆ ಸರಿಹೊಂದುವ ಹನ್ನೆರಡು ಸೀಸದ ಗುಂಡುಗಳು ಒಂದು ಪೌಂಡು ತೂಗಿದರೆ ಅದು 12 ಬೋರ್. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದು. .410 ಎಂಬ ಹಗುರ ಕೋವಿ ಮಾತ್ರ ಅಂಗುಲದ ಲೆಕ್ಕದ್ದು. 12 ಬೋರಿನ ತೋಟಾದಲ್ಲಿ ಸಾಧಾರಣವಾಗಿ ಒಂದು ಔನ್ಸಿಗೆ ಮೇಲ್ಪಟ್ಟು ಚರೆಯಿದ್ದರೆ, .410ರದರಲ್ಲಿ ಅದರ ಅರ್ಧದ ಆಸುಪಾಸು. ಚರೆಗೂ ಇಂಥದೇ ಲೆಕ್ಕ: ಆಂಗ್ಲ ಪದ್ಧತಿಯ 6ನೆಯ ನಂಬರಿನ ಚರೆ ಔನ್ಸಿಗೆ 270 ಕಾಳು; ಎಲ್.ಜಿ. ಎಂಬ ದಪ್ಪ ಚರೆ ಔನ್ಸಿಗೆ ಆರೇ ಕಾಳು. ಹಕ್ಕಿಗೆಂದು ಮಾಡಿದ ಸಣ್ಣ ಚರೆಯನ್ನು ಹಂದಿಗೆ ಹೊಡೆದರೆ ಅದು ಸಾಯದು, ನರಳುವುದು. ಗಾಯಗೊಂಡು ಮನುಷ್ಯನ ಮೇಲೆ ತಿರುಗುವುದೂ ಉಂಟು.

ಇನ್ನು ರಾಜ್ಯದ ಅಂಜಿಕೆಗೆ ಬರೋಣ. ನಮ್ಮ ತಾಲೂಕಿನ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು ಬಂಡೆದ್ದರು. ಬಂಡಾಯ ಅಡಗಿದ ಮೇಲೆ ಕೊಲ್ಹಾಪುರ ಸಂಸ್ಥಾನದ ಕೋಟೆಗಳನ್ನು ಕೆಡವಿಸಿ, ವಂಶಪಾರಂಪರ್ಯದ ಕಾವಲುಪಡೆಯನ್ನೇ ರದ್ದುಮಾಡಲಾಯಿತು. 1857ರಲ್ಲಿ ನಿಃಶಸ್ತ್ರೀಕರಣದ ಕಾಯದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವು ಬದುಕಿನ ಸಾಧನ. ಅವರು ಅದನ್ನು ಒಪ್ಪಿಸಲಿಲ್ಲ. ನವೆಂಬರ ಕೊನೆಯಲ್ಲಿ ಊರು ಉರಿಯಿತು, ಹಲವರು ಗಲ್ಲಿಗೇರಿದರು. ಆ ಕಥೆಯನ್ನು ಲಾವಣಿಯ ಮೂಲಕ ನಮ್ಮ ವಿದ್ಯಾರ್ಥಿಗಳು ಬಲ್ಲರು. ಮುಂದೆ 1878ರ ಆಯುಧ ಕಾಯದೆಯು ಪರವಾನಿಗೆಯ ಪದ್ಧತಿಯನ್ನು ದೇಶಕ್ಕೆಲ್ಲ ಬಿಗಿಯಾಗಿ ಹೊದಿಸಿತು.

ಆದರೆ ಅದೇ ಸರಕಾರವು ಕೊಡಗಿನಲ್ಲಿ ಬೇರೆ ಮಾತನಾಡಿತು. ಅಲ್ಲಿಯ ಕೊಡವರಿಗೆ ಅವರ ನಿಷ್ಠೆಗಾಗಿ 1861ರಲ್ಲಿ ಕೋವಿಯ ವಿನಾಯಿತಿ ದೊರೆಯಿತು. ಅವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರವು 2029ರವರೆಗೆ ಮುಂದುವರಿಸಿದೆ. ಹಲಗಲಿಯ ಹೊಲವೂ ಹೊಲವೇ, ಕೊಡಗಿನ ಗದ್ದೆಯೂ ಗದ್ದೆಯೇ. ಆದರೆ ಕೋವಿಯನ್ನು ಕೊಟ್ಟುದು ಬೆಳೆಯನ್ನು ನೋಡಿ ಅಲ್ಲ, ಬೆಳೆದವನ ಮೇಲಿನ ನಂಬಿಕೆಯನ್ನು ನೋಡಿ. ಮಹಾತ್ಮ ಗಾಂಧಿಯವರು 1930ರಲ್ಲಿ ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗೆ ಆಯುಧದ ಪರವಾನಿಗೆ ದೊರೆಯಬೇಕೆಂಬುದೂ ಒಂದು. ಅಹಿಂಸೆಯ ಆಚಾರ್ಯರೇ ಹೀಗೆ ಕೇಳಿದುದನ್ನು ಕಂಡರೆ, ಪ್ರಶ್ನೆ ಆಯುಧದ್ದಲ್ಲ, ಪ್ರಜೆಯ ಮಾನದ್ದು ಎಂದು ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯದೆ ಬಂದು, 1962ರಲ್ಲಿ ಜಾರಿಯಾಯಿತು. ಇದರ 13ನೆಯ ಕಲಮಿನಲ್ಲಿ ರೈತನ ಹೆಸರಿಲ್ಲದಿದ್ದರೂ ಅವನ ಹೊಲವಿದೆ. ಪ್ರಾಮಾಣಿಕವಾದ ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿ. ಆದರೆ ಆ ನಳಿಗೆ 20 ಅಂಗುಲಕ್ಕಿಂತ ಕಿರಿದಾಗಿರಬಾರದು. ಅಟ್ಟ ಹತ್ತುವವನಿಗೆ, ಕಬ್ಬಿನ ಸಾಲಿನಲ್ಲಿ ನುಸುಳುವವನಿಗೆ ಗಿಡ್ಡ ಕೋವಿಯೇ ಅನುಕೂಲ. ಆದರೆ ಕೈಗೆ ಒದಗುವ ಗಿಡ್ಡ ಕೋವಿ ಕಂಬಳಿಯೊಳಗೂ ಅಡಗುವುದು. ಇಲ್ಲಿ ಕಾಯದೆಯನ್ನು ಬರಿದೆ ದೂರುವಂತಿಲ್ಲ. ಪರಕೀಯರ ಸರಕಾರವು ತನ್ನ ಗಾದಿಗಾಗಿ ಅಂಜಿತು. ಪ್ರಜಾರಾಜ್ಯವು ಅಂಜಬೇಕಾದುದು ನೆರೆಹೊರೆಯವರ ಪ್ರಾಣಕ್ಕಾಗಿ. ಅಂಜಿಕೆ ಎರಡೂ ಕಡೆ ಒಂದೇ ಆದರೂ ಅದರ ಕಾರಣ ಒಂದೇ ಅಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಿಂದ ಮೂರನೆಯ ಪಕ್ಷವೊಂದು ಈ ವ್ಯವಹಾರದೊಳಗೆ ಬಂದಿತು, ಅದೇ ಪ್ರಾಣಿ. ಕೊಲ್ಹಾಪುರದ ಅರಸರು ಬೇಟೆಯಾಡುತ್ತಿದ್ದ ರಾಧಾನಗರಿಯ ಕಾಡು 1958ರಲ್ಲಿಯೇ ಅಭಯಾರಣ್ಯವಾಗಿತ್ತು. ಇಂದು ಕಾಡುಹಂದಿಯೂ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಕೋವಿಯ ಪರವಾನಿಗೆ ಇದ್ದ ಮಾತ್ರಕ್ಕೆ ಅದನ್ನು ಕೊಲ್ಲುವ ಪರವಾನಿಗೆ ಇದ್ದಂತಲ್ಲ. ಅದಕ್ಕೆ ಬೇರೆಯೇ ಅಪ್ಪಣೆ ಬೇಕು. ನೆಲಕ್ಕೆ ಬಿದ್ದ ಸೀಸದ ಚರೆಯನ್ನು ಹರಳೆಂದು ನುಂಗಿ ಹಕ್ಕಿಗಳು ವಿಷವೇರಿ ಸಾಯುವುದನ್ನು ಕಂಡು, ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಅದನ್ನು 1991ರಲ್ಲಿ ದೇಶದಾದ್ಯಂತ ನಿಷೇಧಿಸಿತು.

ಆದುದರಿಂದ ಹೊಲ ಕಾಯುವ ಕೋವಿಯನ್ನು ಆರಿಸುವವನು ಬೋರು ಮತ್ತು ನಂಬರುಗಳನ್ನಷ್ಟೇ ನೋಡಿದರೆ ಸಾಲದು. ಆ ನಳಿಗೆಯ ಉದ್ದದ ಹಿಂದೆ ಸಾಮಾನಗಡವಿದೆ, ಹಲಗಲಿಯಿದೆ. ವರ್ಷದ ದುಡಿಮೆಯನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಅದನ್ನು ಕೇಳುವ ಹೊಣೆ ರಾಜ್ಯದ್ದು. ಕೋವಿಯನ್ನು ಕೊಡದಿದ್ದರೆ ಬೇಲಿಯನ್ನಾದರೂ, ಬೇಲಿಯನ್ನು ಕೊಡದಿದ್ದರೆ ತಕ್ಕ ಪರಿಹಾರವನ್ನಾದರೂ ಅದು ಕೊಡಬೇಕು. ರೈತನ ಕೈಯನ್ನು ಕಟ್ಟಿದವನೇ ಅವನ ಹೊಲವನ್ನು ಕಾಯಬೇಕಾದುದು ನ್ಯಾಯ.