ಐರೇನಿಯಸನ ವಿವೇಕ

ಕ್ರಿಸ್ತಶಕ 177ರಲ್ಲಿ, ರೋನ್ ನದಿಯ ದಡದ ಲುಗ್ದುನಮ್ ಎಂಬ ರೋಮನ್ ಪಟ್ಟಣದಲ್ಲಿ, ಎಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ, ಕ್ರೈಸ್ತರ ಮೇಲೆ ಎರಗಿದ ಘೋರ ಹಿಂಸೆಗೆ ಸಿಲುಕಿ, ತೊಂಬತ್ತು ವರ್ಷ ಮೀರಿದ ಬಿಷಪ್ ಪೊಥಿನಸನು ಪೆಟ್ಟುಗಳಿಂದ ಜರ್ಜರಿತನಾಗಿ ಸೆರೆಮನೆಯಲ್ಲಿ ಪ್ರಾಣಬಿಟ್ಟನು. ಬ್ಲಾಂಡಿನಾ ಎಂಬ ದಾಸಿಯನ್ನು ಬಲೆಯಲ್ಲಿ ಸುತ್ತಿ ಗೂಳಿಯ ಕೊಂಬಿಗೊಡ್ಡಿದರು. ಆ ಪಟ್ಟಣದ ಕ್ರೈಸ್ತ ಸಭೆಯ ಪತ್ರವನ್ನು ಹೊತ್ತು ರೋಮಿಗೆ ಹೋಗಿದ್ದ ಐರೇನಿಯಸನೆಂಬ ಹಿರಿಯನು ಹಿಂದಿರುಗಿ ಪೊಥಿನಸನ ಪೀಠವನ್ನೇರಿದನು. ಶರೀರದಲ್ಲಿಯೇ ಯಾತನೆಪಟ್ಟು ಮಡಿದ ಪ್ರಭುವನ್ನು ನಂಬಿ ತಮ್ಮ ಶರೀರಗಳನ್ನೂ ಒಪ್ಪಿಸಿದವರ ನೆನಪು ಇನ್ನೂ ಹಸಿಯಾಗಿದ್ದ ಆ ಕಣಿವೆಯಲ್ಲಿಯೇ, ಆ ಯಾತನೆಯು ದಿವ್ಯನಾದ ರಕ್ಷಕನನ್ನು ಮುಟ್ಟಲೇ ಇಲ್ಲವೆಂದು ಬೋಧಿಸುವ ಉಪದೇಶಕರೂ ಸಂಚರಿಸುತ್ತಿದ್ದರು.

ಇವರ ಮೂಲಗುರುವಾದ ವ್ಯಾಲೆಂಟೈನಸನು ಎರಡನೆಯ ಶತಮಾನದ ನಡುಭಾಗದಲ್ಲಿ ಅಲೆಕ್ಸಾಂಡ್ರಿಯದಿಂದ ರೋಮಿಗೆ ಬಂದು ನೆಲೆಸಿದ ಮೇಧಾವಿ. ಅವನ ಪಂಥದವರ ಪ್ರಕಾರ ಪರಮಲೋಕದಲ್ಲಿ ಮೂವತ್ತು ದಿವ್ಯತತ್ತ್ವಗಳುಂಟು. ಅವುಗಳಲ್ಲಿ ಕಡೆಯದಾದ ಸೋಫಿಯಾ ದಾರಿತಪ್ಪಿದುದರ ಫಲವಾಗಿ ಈ ಭೌತಜಗತ್ತು ಹುಟ್ಟಿತು. ಮುಕ್ತಿಯೋ ಕೆಲವರಿಗೆ ಮಾತ್ರ ದಕ್ಕುವ ಗುಪ್ತಜ್ಞಾನ. ಕಪ್ಪುಸಮುದ್ರದ ತೀರದ ಸಿನೋಪೆಯಿಂದ ಬಂದ ಹಡಗಿನ ಒಡೆಯ ಮಾರ್ಸಿಯನನ ಮಾರ್ಗ ಬೇರೆ. ಇಸ್ರಾಯೇಲಿನ ದೇವರು ಯೇಸುವಿನ ತಂದೆಯಲ್ಲವೆಂದು ಸಾರಿ, ಹಳೆಯ ಒಡಂಬಡಿಕೆಯನ್ನು ಸಂಪೂರ್ಣವಾಗಿ ಕೈಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಅವನು ಉಳಿಸಿಕೊಂಡನು. 144ರ ಸುಮಾರಿನಲ್ಲಿ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನು ಕಾಣಿಕೆಯಾಗಿತ್ತ ಎರಡು ಲಕ್ಷ ಸೆಸ್ಟರ್ಸ್ ಹಣವನ್ನೂ ಹಿಂದಿರುಗಿಸಿತು. ಆ ಹಣವನ್ನು ಮರಳಿಸಿದ ಕೈಗಳನ್ನು ನಾನು ಗೌರವದಿಂದ ನೆನೆಯುತ್ತೇನೆ.

ಸಾಮಾನ್ಯ ಭಕ್ತನ ಸಂಕಟವೆಂದರೆ, ಈ ಬೋಧಕರೆಲ್ಲರೂ ಅದೇ ಯೇಸುವಿನ ಹೆಸರನ್ನು ಹೇಳುತ್ತಿದ್ದರು, ಅದೇ ವಚನಗಳನ್ನು ಉದಾಹರಿಸುತ್ತಿದ್ದರು. 180ರ ಸುಮಾರಿನಲ್ಲಿ ಗ್ರೀಕಿನಲ್ಲಿ ರಚಿಸಿದ, ನಮಗೆ ಲ್ಯಾಟಿನ್ ಅನುವಾದದಲ್ಲಿ ಮಾತ್ರ ಪೂರ್ಣವಾಗಿ ಉಳಿದುಬಂದಿರುವ, ಐದು ಸಂಪುಟಗಳ ಖಂಡನಗ್ರಂಥದಲ್ಲಿ ಐರೇನಿಯಸನು ಇದಕ್ಕೊಂದು ದೃಷ್ಟಾಂತ ಕೊಡುತ್ತಾನೆ: ನಿಪುಣ ಶಿಲ್ಪಿಯು ರತ್ನದ ಹರಳುಗಳನ್ನು ಜೋಡಿಸಿ ರಚಿಸಿದ ರಾಜನ ಚಿತ್ರವನ್ನು ಒಬ್ಬನು ಬಿಡಿಸಿ, ಅವೇ ಹರಳುಗಳಿಂದ ನರಿಯ ರೂಪವನ್ನು ಮಾಡಿ, ಇದೇ ಆ ರಾಜನೆಂದು ತೋರಿಸಿದರೆ, ಅರಸನನ್ನು ಎಂದೂ ಕಾಣದವನು ಮೋಸಹೋಗುತ್ತಾನೆ. ಹರಳುಗಳು ನಿಜವಾದವೇ, ಸುಳ್ಳಿರುವುದು ಜೋಡಣೆಯಲ್ಲಿ.

ಹಾಗಾದರೆ ರಾಜನ ಮುಖವನ್ನು ಬಲ್ಲವರು ಯಾರು? ಐರೇನಿಯಸನು ಬಾಲ್ಯದಲ್ಲಿ ಸ್ಮಿರ್ನಾ ಪಟ್ಟಣದಲ್ಲಿ ಅಲ್ಲಿನ ವೃದ್ಧ ಬಿಷಪ್ ಪಾಲಿಕಾರ್ಪನ ಉಪದೇಶವನ್ನು ಕೇಳಿದ್ದನು; ಪಾಲಿಕಾರ್ಪನು ಯೇಸುವಿನ ಶಿಷ್ಯ ಯೋಹಾನನನ್ನು ಕಂಡು ಮಾತನಾಡಿದವನೆಂದು ಅವನ ಸಾಕ್ಷ್ಯ. ಅಪೊಸ್ತಲರಿಗೆ ರಹಸ್ಯಬೋಧೆಯೊಂದು ತಿಳಿದಿದ್ದರೆ, ಸಭೆಗಳನ್ನೇ ಯಾರ ಕೈಗೊಪ್ಪಿಸಿದರೋ ಅವರಿಗೇ ಅದನ್ನು ಮೊದಲು ಹೇಳುತ್ತಿರಲಿಲ್ಲವೆ ಎಂಬುದು ಅವನ ಪ್ರಶ್ನೆ. ಇದಕ್ಕಿಂತ ಬಲವಾದ ವಾದ ಆ ಐದು ಸಂಪುಟಗಳಲ್ಲಿ ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಅವನ ಪ್ರಕಾರ ಸತ್ಯಬೋಧೆ ಬಹಿರಂಗವಾದದ್ದು, ದೀಕ್ಷಾಸ್ನಾನದಲ್ಲಿ ಅಕ್ಷರವರಿಯದವನೂ ಸ್ವೀಕರಿಸುವಂಥದ್ದು. ಭೂಮ್ಯಾಕಾಶಗಳನ್ನು ಸೃಷ್ಟಿಸಿದ ದೇವರೊಬ್ಬನೇ, ಅವನೇ ಯೇಸುವಿನ ತಂದೆ. ಆ ಯೇಸು ನಿಜವಾಗಿಯೂ ಮಾಂಸಧಾರಿಯಾಗಿ ಹುಟ್ಟಿ, ನೊಂದು, ಸತ್ತು, ಎದ್ದನು. ಇದಕ್ಕೆ ಹೊಂದದ ಜೋಡಣೆ ಎಷ್ಟೇ ಮನೋಹರವಾಗಿರಲಿ, ಅದು ಅನ್ಯನೊಬ್ಬನ ಚಿತ್ರವೇ ಸರಿ.

ಅವನು ಹೇಳಿದುದೆಲ್ಲವೂ ದೋಷರಹಿತವಲ್ಲ. ಯೇಸು ಐವತ್ತರ ಸಮೀಪದವರೆಗೆ ಬದುಕಿದ್ದನೆಂದು ಹಿರಿಯರ ಮಾತನ್ನು ನೆಚ್ಚಿ ಬರೆದನು. ಅದನ್ನು ಸಭೆ ಸ್ವೀಕರಿಸಲಿಲ್ಲ. ಎದುರಾಳಿಗಳ ಮಾತನ್ನು ಬಹುಕಾಲ ಜಗತ್ತು ಹೆಚ್ಚಾಗಿ ಖಂಡನಕಾರರ ಬಾಯಿಂದಲೇ ಕೇಳಬೇಕಾಗಿತ್ತು. 1945ರಲ್ಲಿ ಮೇಲಣ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಕಾಪ್ಟಿಕ್ ಭಾಷೆಯ ಹೊತ್ತಗೆಗಳು ದೊರೆತ ಮೇಲೆ, ಆ ಎದುರಾಳಿಗಳ ಬರಹಗಳಲ್ಲಿ ಐರೇನಿಯಸನು ಕಾಣಿಸದ ಆರ್ದ್ರತೆ, ಧ್ಯಾನಶೀಲತೆಗಳು ಇದ್ದುವೆಂದು ವಿದ್ವಾಂಸರು ಕಂಡರು. ಆದರೆ ಮುಖ್ಯ ಭೇದವನ್ನು ಅವನು ಕಲ್ಪಿಸಿ ಬರೆದಿರಲಿಲ್ಲವೆಂಬುದೂ ಅಷ್ಟೇ ಸ್ಪಷ್ಟವಾಯಿತು.

ಇಂಥ ಉಗ್ರ ಖಂಡನಕಾರನ ವಿವೇಕದ ನಿಜವಾದ ಅಳತೆ ಸಿಗುವುದು 190ರ ಸುಮಾರಿನ ಇನ್ನೊಂದು ಪ್ರಸಂಗದಲ್ಲಿ. ರೋಮನ್ ಪ್ರಾಂತವಾದ ಏಷ್ಯಾದ, ಎಂದರೆ ಇಂದಿನ ಪಶ್ಚಿಮ ತುರ್ಕಿಯ, ಸಭೆಗಳು ಪಾಸ್ಕವನ್ನು, ಎಂದರೆ ಈಸ್ಟರ್ ಹಬ್ಬವನ್ನು, ಯೆಹೂದ್ಯರ ನಿಸಾನ್ ತಿಂಗಳ ಹದಿನಾಲ್ಕನೆಯ ದಿನಕ್ಕನುಸಾರವಾಗಿ, ವಾರವಾವುದಾದರೂ ಸರಿಯೆಂದು, ಆಚರಿಸುತ್ತಿದ್ದುವು. ರೋಮಿನವರು ಭಾನುವಾರದಂದೇ ಆಚರಿಸುತ್ತಿದ್ದರು. ರೋಮಿನ ಬಿಷಪ್ ವಿಕ್ಟರನು ಏಷ್ಯಾದವರನ್ನು ಸಹಭಾಗಿತ್ವದಿಂದ ಬಹಿಷ್ಕರಿಸಲು ಹೊರಟಾಗ, ಸ್ವತಃ ಭಾನುವಾರದ ಪಕ್ಷದವನಾಗಿದ್ದೂ ಐರೇನಿಯಸನು ಬೇಡವೆಂದು ಪತ್ರ ಬರೆದನು. ಉಪವಾಸದ ದಿನಗಳಲ್ಲಿ ಕೂಡ ಸಭೆಗಳು ಭಿನ್ನವಾಗಿವೆ, ಆದರೂ ಶಾಂತಿಯಿಂದಿವೆ ಎಂದು ನೆನಪಿಸಿ, ತನ್ನ ಗುರುವಿನ ನಿದರ್ಶನವನ್ನೇ ಮುಂದಿಟ್ಟನು. ಮಾರ್ಸಿಯನನು ಎದುರಾಗಿ ತನ್ನನ್ನು ಗುರುತಿಸೆಂದಾಗ ಸೈತಾನನ ಚೊಚ್ಚಲ ಮಗನೆಂದು ಗುರುತಿಸಿದ ಪಾಲಿಕಾರ್ಪನು, ಪಾಸ್ಕದ ವಿಷಯದಲ್ಲಿ ರೋಮಿನ ಅಂದಿನ ಬಿಷಪ್ ಅನಿಸೆಟಸನೊಡನೆ ಒಮ್ಮತಕ್ಕೆ ಬಾರದೆ ಹೋದರೂ, ಅವನದೇ ಸಭೆಯಲ್ಲಿ ಅವನು ಗೌರವದಿಂದ ಬಿಟ್ಟುಕೊಟ್ಟಂತೆ ಪ್ರಭುಭೋಜನವನ್ನು ನಡೆಸಿಕೊಟ್ಟು, ಸಮಾಧಾನದಿಂದ ಬೀಳ್ಕೊಂಡನು.