ದಂಡು, ದಾಂಪತ್ಯ, ಶಾಸನ: ಬಳ್ಳಾರಿ ಕಂಟೋನ್ಮೆಂಟನ್ನು ಕುರಿತು ಒಂದು ವಿಚಾರ

ನಗರವೊಂದರ ಇತಿಹಾಸವನ್ನು ಬರೆಯುವವರು ಕೋಟೆ, ಯುದ್ಧ, ಕಂದಾಯ, ದೇವಾಲಯ ಇವುಗಳನ್ನು ಕುರಿತು ವಿಸ್ತಾರವಾಗಿ ಹೇಳುವುದು ವಾಡಿಕೆ. ಬೇರೆ ಬೇರೆ ನಾಡುಗಳಿಂದ ಬಂದು ಒಂದೆಡೆ ಸೇರಿದ ಸ್ತ್ರೀಪುರುಷರು ತಮ್ಮೊಳಗೆ ಯಾವ ಸಂಬಂಧಗಳನ್ನು ಬೆಳೆಸಿಕೊಂಡರೆಂಬ ವಿಷಯವನ್ನು ಮಾತ್ರ ಅವರು ವದಂತಿಗೆ ಬಿಟ್ಟುಬಿಡುತ್ತಾರೆ. ದಂಡಿನ ಊರುಗಳ ವಿಷಯದಲ್ಲಿ ಈ ವದಂತಿಯು ಮೂರು ಮಾತುಗಳಲ್ಲಿ ಅಡಗಿದೆ: ಬಿಳಿಯ ಸಿಪಾಯಿಯು ಕಾಮವನ್ನು ಹತ್ತಿಕ್ಕಲಾರನು, ಈ ನಾಡಿನ ಹೆಣ್ಣು ಹಣಕ್ಕೆ ಒಲಿಯುವಳು, ಇವರಿಗೆ ಹುಟ್ಟಿದ ಮಕ್ಕಳಿಗೆ ಕುಲವೂ ಇಲ್ಲ, ನೆಲೆಯೂ ಇಲ್ಲ. ಬಳ್ಳಾರಿಯ ಕಂಟೋನ್ಮೆಂಟನ್ನು ಮುಂದಿಟ್ಟುಕೊಂಡು ಈ ಮಾತುಗಳ ಮೂಲವನ್ನು ಶೋಧಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವು ಮನುಷ್ಯಸ್ವಭಾವವನ್ನು ನೋಡಿ ಆಡಿದ ಮಾತುಗಳಲ್ಲ, ಸರ್ಕಾರದ ಕಟ್ಟಳೆಗಳು ಉಳಿಸಿಹೋದ ನೆರಳುಗಳು ಎಂಬುದೇ ನಮ್ಮ ವಾದ.

ಬಳ್ಳಾರಿ ಸೀಮೆಯು ಇಂಗ್ಲಿಷರ ಕೈಸೇರಿದ ಬಗೆಯಲ್ಲಿಯೇ ಈ ವಿಷಯಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ದೊರೆತಿದ್ದ ಪ್ರದೇಶಗಳನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರ್ 12ರ ಒಪ್ಪಂದದಂತೆ, ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಕುಂಪಣಿಗೆ ಬಿಟ್ಟುಕೊಟ್ಟನು. ‘ದತ್ತಮಂಡಲ’ವೆಂದು ಹೆಸರಾದುದು ಇದೇ. ಈ ಒಪ್ಪಂದವನ್ನು ಕುದುರಿಸಿದವನು ಹೈದರಾಬಾದಿನ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಸುಮಾರು ಅದೇ ಕಾಲದಲ್ಲಿ ಅವನು ಆ ನಗರದ ಗಣ್ಯ ಮನೆತನದ ಖೈರುನ್ನಿಸಾ ಎಂಬಾಕೆಯನ್ನು ಇಸ್ಲಾಮೀ ವಿಧಿಯಿಂದ ವರಿಸಿದನು. ಅಧಿಕಾರಬಲದಿಂದ ಅವಳನ್ನು ಪಡೆದನೆಂಬ ದೂರು ಹುಟ್ಟಿತು; ಗವರ್ನರ್ ಜನರಲ್ ವೆಲ್ಲೆಸ್ಲಿಯು 1801ರಲ್ಲಿ ವಿಚಾರಣೆ ನಡೆಸಿದನು. ರೆಸಿಡೆಂಟನ ಪದವಿಯೇನೋ ಉಳಿಯಿತು. ಆದರೆ 1805ರಲ್ಲಿ ದಂಪತಿಗಳ ಇಬ್ಬರು ಮಕ್ಕಳನ್ನೂ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಅವರಿಗೆ ಕ್ರೈಸ್ತ ನಾಮಗಳನ್ನಿಟ್ಟರು. ಆ ವರ್ಷವೇ ತಂದೆಯು ಕಲ್ಕತ್ತೆಯಲ್ಲಿ ಮಡಿದನು. 1813ರಲ್ಲಿ ತಾಯಿಯೂ ತೀರಿಕೊಂಡಳು. ಮಕ್ಕಳು ಅವಳನ್ನು ಮತ್ತೆ ಕಾಣಲಿಲ್ಲ.

ಈ ಪ್ರಸಂಗವನ್ನು ಕೇವಲ ಪ್ರಣಯಕಥೆಯೆಂದು ಓದುವುದು ಎಷ್ಟು ತಪ್ಪೋ, ಕೇವಲ ಬಲಾತ್ಕಾರವೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಅಲ್ಲಿ ಒಲವೂ ಇತ್ತು, ಅಧಿಕಾರದ ಅಸಮಾನತೆಯೂ ಇತ್ತು. ಸರ್ಕಾರವು ಕೇಳಿದ ಪ್ರಶ್ನೆಯಾದರೋ ಬೇರೆ: ಈ ಸಂಬಂಧದಿಂದ ರಾಜ್ಯಕಾರ್ಯಕ್ಕೆ ಹಾನಿಯುಂಟೇ?

ಇದೇ ಪ್ರಶ್ನೆಗೆ ಕುಂಪಣಿಯು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. 1687ರಲ್ಲಿ ಲಂಡನ್ನಿನ ನಿರ್ದೇಶಕರು ಮದರಾಸಿನ ತಮ್ಮ ಅಧಿಕಾರಿಗಳಿಗೆ ಪತ್ರ ಬರೆದು, ಸಿಪಾಯಿಗಳು ಈ ದೇಶದ ಸ್ತ್ರೀಯರನ್ನು ಮದುವೆಯಾಗುವುದಕ್ಕೆ ಪ್ರೋತ್ಸಾಹ ಕೊಡಬೇಕೆಂದೂ, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾದ ದಿನ ತಾಯಿಗೆ ಒಂದು ವರಹ ಸಲ್ಲಬೇಕೆಂದೂ ಸೂಚಿಸಿದರು. ಆಗ ಕೋಟೆಯನ್ನು ಕಾಯಲು ಜನ ಬೇಕಾಗಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1791ರಲ್ಲಿ ಭಾರತೀಯ ತಾಯಿಯ ಮಕ್ಕಳಿಗೆ ಕುಂಪಣಿಯ ಮುಲ್ಕಿ, ಸೈನಿಕ, ನೌಕಾ ಹುದ್ದೆಗಳ ಬಾಗಿಲು ಮುಚ್ಚಿತು. 1795ರ ಆಜ್ಞೆಯಂತೆ ಅವರಿಗೆ ಸೈನ್ಯದಲ್ಲಿ ಉಳಿದದ್ದು ವಾದ್ಯಗಾರನ ಕೆಲಸ ಅಥವಾ ಕುದುರೆಗೆ ಲಾಳ ಕಟ್ಟುವ ಕೆಲಸ ಮಾತ್ರ. ಒಂದು ಶತಮಾನದಲ್ಲಿ ತಾಯಂದಿರ ಶೀಲವಾಗಲಿ ಮಕ್ಕಳ ಸಾಮರ್ಥ್ಯವಾಗಲಿ ಮಾರ್ಪಟ್ಟಿರಲಿಲ್ಲ. ಮಾರ್ಪಟ್ಟದ್ದು ಸರ್ಕಾರದ ಅಗತ್ಯ. ‘ನೆಲೆಯಿಲ್ಲದವರು’ ಎಂಬ ಮಾತಿಗೆ ಮೊದಲು ನೆಲೆಯನ್ನು ಕಸಿದುಕೊಂಡ ಆಜ್ಞೆಯಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಬಳ್ಳಾರಿಯ ದಂಡಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಮದರಾಸು ಆಧಿಪತ್ಯದ ಮುಖ್ಯ ಸೈನಿಕ ನೆಲೆಗಳಲ್ಲಿ ಒಂದು. ದಂಡಿಗೆ ಹೊಂದಿಕೊಂಡು ಕೌಲ್ ಬಜಾರು ಬೆಳೆಯಿತು. ಕೌಲು ಎಂದರೆ ನೆಲೆಸಬಂದವರಿಗೆ ಆಳುವವರು ಕೊಡುತ್ತಿದ್ದ ಅಭಯದ ಕರಾರು. ಸೈನ್ಯವೊಂದು ಬೀಡುಬಿಟ್ಟರೆ ವರ್ತಕರು, ಅಡಿಗೆಯವರು, ಅಗಸರು, ಕುದುರೆ ಚಾಕರಿಯವರು, ಆಯಾಗಳು ಅದರ ಬೆನ್ನಿಗೆ ಬರುವುದು ಸಹಜ. ಕನ್ನಡ, ತೆಲುಗು, ತಮಿಳು, ದಖ್ಖಣಿ ಮಾತುಗಳು ಒಂದೇ ಬೀದಿಯಲ್ಲಿ ಬೆರೆತವು.

ಈ ದಂಡಿನಲ್ಲಿ ಎರಡು ಬಗೆಯ ಸೈನಿಕರಿದ್ದರು. ಮದರಾಸು ಸೈನ್ಯದ ದೇಶೀಯ ಸಿಪಾಯಿಯು ಹೆಂಡಿರುಮಕ್ಕಳೊಡನೆ ಸಂಚರಿಸುತ್ತಿದ್ದನು. ಪಡೆಯು ಊರಿಂದೂರಿಗೆ ಹೋದಂತೆ ಸಂಸಾರವೂ ಹೋಗುತ್ತಿತ್ತು. ಬ್ರಿಟಿಷ್ ಸಿಪಾಯಿಗಾದರೋ ಮದುವೆಗೆ ಮೇಲಧಿಕಾರಿಯ ಅನುಮತಿ ಬೇಕಾಗಿತ್ತು. ಪಡೆಯಲ್ಲಿ ಕೆಲವೇ ಮಂದಿಯ ಹೆಂಡಂದಿರಿಗೆ ಸರ್ಕಾರದ ವಸತಿಯೂ ಭತ್ಯವೂ ದೊರೆಯುತ್ತಿದ್ದವು. ಇಬ್ಬರ ಮೇಲೂ ಒಂದೇ ಬಿಸಿಲು, ಇಬ್ಬರಿಗೂ ಒಂದೇ ಕವಾಯತು. ಆದರೂ ಒಬ್ಬನು ಸಂಸಾರಿಯೆಂದೂ ಇನ್ನೊಬ್ಬನು ಕಾಮಾತುರನೆಂದೂ ಹೆಸರಾದನು. ಭೇದವು ರಕ್ತದಲ್ಲಿದ್ದುದಲ್ಲ; ಮದುವೆಯಾಗಲು ಒಬ್ಬನಿಗಿದ್ದ ಅವಕಾಶವು ಇನ್ನೊಬ್ಬನಿಗೆ ಇರಲಿಲ್ಲ, ಅಷ್ಟೆ.

ಹೀಗೆ ಒಂಟಿಯಾಗಿಟ್ಟ ಸಿಪಾಯಿಗಾಗಿ ಸರ್ಕಾರವು ಇನ್ನೊಂದು ವ್ಯವಸ್ಥೆಯನ್ನು ನಿರ್ಮಿಸಿತು. 1864ರ ಕಂಟೋನ್ಮೆಂಟ್ ಶಾಸನವೂ 1868ರ ಸಾಂಕ್ರಾಮಿಕ ರೋಗಗಳ ಶಾಸನವೂ ವೇಶ್ಯೆಯರೆಂದು ಗಣಿಸಿದ ಹೆಂಗಸರ ಹೆಸರುಗಳನ್ನು ದಾಖಲೆ ಮಾಡಿ, ಗೊತ್ತಾದ ದಿನಗಳಲ್ಲಿ ಅವರನ್ನು ವೈದ್ಯಪರೀಕ್ಷೆಗೆ ಒಳಪಡಿಸಲು ಅವಕಾಶ ಕೊಟ್ಟವು. ಗುಹ್ಯರೋಗವಿದೆಯೆಂದು ಕಂಡುಬಂದವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಇರಿಸಿಕೊಳ್ಳುತ್ತಿದ್ದರು, ತಪ್ಪಿಸಿಕೊಂಡವರಿಗೆ ದಂಡನೆಯಿತ್ತು. ಬಳ್ಳಾರಿಯಲ್ಲಿಯೂ ಇಂತಹ ಆಸ್ಪತ್ರೆಯಿತ್ತು. ರೋಗವು ಇಬ್ಬರಿಂದ ಹರಡುವಂಥದು. ಶಾಸನದ ನಿರ್ಬಂಧವು ಹೆಂಗಸಿಗೆ ಮಾತ್ರ.

1886ರಲ್ಲಿ ಸೈನ್ಯದ ಮುಖ್ಯ ಕಚೇರಿಯಿಂದ ಹೊರಟ ಸುತ್ತೋಲೆಯು ಪಡೆಗಳ ಬಜಾರುಗಳಲ್ಲಿ ಸಾಕಷ್ಟು ಮಂದಿ, ನೋಡಲು ಚೆಲುವೆಯರಾದ ಹೆಂಗಸರು ಇರುವಂತೆ ನೋಡಿಕೊಳ್ಳಬೇಕೆಂದು ತಿಳಿಸಿತು. ಇದು ಬಯಲಾದಾಗ ಇಂಗ್ಲೆಂಡಿನಲ್ಲಿ ದೊಡ್ಡ ಕೋಲಾಹಲವೆದ್ದು, 1888ರ ಜೂನ್ ತಿಂಗಳಲ್ಲಿ ಕಾಮನ್ಸ್ ಸಭೆಯು ಈ ಪದ್ಧತಿಯನ್ನು ಖಂಡಿಸಿತು. ಅದೇ ವರ್ಷ 1868ರ ಶಾಸನವು ರದ್ದಾಯಿತು. ಸುತ್ತೋಲೆ ಹೊರಡಿಸಿ ಹೆಂಗಸರನ್ನು ಕೂಡಿಸಬೇಕಾಗಿತ್ತೆಂದ ಮೇಲೆ, ಈ ನಾಡಿನ ಹೆಣ್ಣು ತಾನಾಗಿ ಒಲಿಯುವಳೆಂಬ ಮಾತಿಗೆ ಆಧಾರವೆಲ್ಲಿ ಉಳಿಯಿತು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬಡತನದಿಂದಲೋ ಇಚ್ಛೆಯಿಂದಲೋ ಆ ವೃತ್ತಿಯಲ್ಲಿದ್ದವರು ನಿಜವಾಗಿ ಇದ್ದರಲ್ಲವೆ? ಇದ್ದರು. ಆದರೆ ಆಸ್ಪತ್ರೆಯ ವರದಿಗಳು ನಮಗೆ ತಿಳಿಸುವುದು ರೋಗಿಗಳ ಸಂಖ್ಯೆಯನ್ನು, ಅಧಿಕಾರಿಯ ಆತಂಕವನ್ನು. ಆ ಹೆಂಗಸು ಯಾವ ಹಳ್ಳಿಯಿಂದ ಬಂದಳು, ಯಾರನ್ನು ನೆಚ್ಚಿದ್ದಳು, ಯಾರಿಂದ ಕೈಬಿಡಲ್ಪಟ್ಟಳು ಎಂಬುದನ್ನು ಅವಳ ಮಾತಿನಲ್ಲಿ ತಿಳಿಸುವುದು ಅವುಗಳ ಉದ್ದೇಶವಲ್ಲ. ಇಂತಹ ವರದಿಯನ್ನು ಸ್ತ್ರೀಯರ ಶೀಲಕ್ಕೆ ಸಾಕ್ಷಿಯೆಂದು ಹಿಡಿಯುವುದು, ಜೈಲಿನ ರಿಜಿಸ್ಟರನ್ನು ನೋಡಿ ಒಂದು ಜನಾಂಗದ ನೀತಿಯನ್ನು ನಿರ್ಣಯಿಸಿದಂತೆ.

ಈ ವಿಚಾರವು ಹಳೆಯ ಕಾಗದಗಳಿಗೆ ಮಾತ್ರ ಸೇರಿದುದಲ್ಲ. ನಮ್ಮ ಸಂವಿಧಾನದ 366ನೆಯ ವಿಧಿಯು ಆಂಗ್ಲೋ-ಇಂಡಿಯನ್ನನನ್ನು ಗುರುತಿಸುವುದು ತಂದೆಯ ಕಡೆಯ ಐರೋಪ್ಯ ಪೂರ್ವಜನಿಂದ. ಶಾಸನಸಭೆಗಳಲ್ಲಿ ಈ ಸಮುದಾಯಕ್ಕಿದ್ದ ನಾಮಕರಣದ ಸ್ಥಾನಗಳು 2020ರಲ್ಲಿ ಕೊನೆಗೊಂಡವು, ವ್ಯಾಖ್ಯೆಯು ಉಳಿದಿದೆ. 1687ರಲ್ಲಿ ವರಹವನ್ನು ಪಡೆಯಬೇಕಾಗಿದ್ದ ತಾಯಿಯು ಈ ವಂಶಗಣನೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಆದುದರಿಂದ ದಂಡಿನ ಊರುಗಳ ಚರಿತ್ರೆಯನ್ನು ಅಭ್ಯಸಿಸುವವರು ಮೊದಲು ಕಟ್ಟಳೆಯನ್ನು ಓದಿ, ಆಮೇಲೆ ಅದರಡಿಯಲ್ಲಿ ಬಾಳಿದವರ ಗುಣವನ್ನು ಕುರಿತು ಮಾತನಾಡುವುದು ಯುಕ್ತ. ಕೌಲ್ ಬಜಾರಿಗೆ ಬಂದು ನೆಲೆಸಿದವರಲ್ಲಿ ಮದುವೆಯಾದವರಿದ್ದರು, ಮೋಸಹೋದವರಿದ್ದರು, ಮಕ್ಕಳನ್ನು ಸಾಕಿ ಬೆಳೆಸಿದವರಿದ್ದರು, ಎಲ್ಲ ಊರುಗಳಲ್ಲಿರುವಂತೆಯೇ. ಈ ಸಾಮಾನ್ಯ ಸಂಗತಿಯನ್ನು ಅವರಿಗೂ ಸಲ್ಲಿಸುವುದು ಇತಿಹಾಸಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.